ಹುರುಳಿ ಹೊಟ್ಟು ನೋಡಿ ಇಳಿದವನು

ಹೋದ ವರ್ಷ ಹುರುಳಿ ಒಕ್ಕಣೆಯ ಸಮಯ. ನಾನು ಉಮ್ಮತ್ತೂರಿನಿಂದ ಬಸ್ಸು ಹತ್ತಿ ಗುಂಡ್ಲುಪೇಟೆ ಹತ್ತಿರದ ಮಗಳು ಮಾದೇವಿಯ ಮನೆಗೆ ಹೋಗಿದ್ದೆ. ಆ ಕಡೆ ಈಗ ಹುರುಳಿಯನ್ನು ಟಾರು ರಸ್ತೆಗೆ ಹರವಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ನನಗೆ ಅದು ಸೇರುವುದಿಲ್ಲ. ಅವಳ ಹೊಲದಲ್ಲೇ ಸಗಣಿ ಸಾರಿಸಿ ಕಣ ಮಾಡಿಸಿದ್ದೆ.

ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು ಮೊರದಿಂದ ಹುರುಳಿ ತೂರುತ್ತಿದ್ದೆ. ಪಕ್ಕದ ಬೋಳುಗುಡ್ಡದ ಮೇಲೆ ಒಂದು ದೊಡ್ಡ ಕೆಂಪು ಬಟ್ಟೆ ತೇಲುತ್ತಿತ್ತು. ಅದರ ಕೆಳಗೆ ದಾರಗಳಿಗೆ ಜೋತುಕೊಂಡು ಒಬ್ಬ ಮನುಷ್ಯ ಕೂತಿದ್ದ. ಅದು ಪ್ಯಾರಾಗ್ಲೈಡರ್, ಟಿವಿಯಲ್ಲಿ ನೋಡಿದ್ದೇನೆ ಎಂದಳು ಮಾದೇವಿ. ಇಂಜಿನ್ ಇಲ್ಲದೆ ಅದು ಹೇಗೆ ನಿಂತಿದೆ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಗುಡ್ಡದ ಬಂಡೆ ಕಾದ ಹೊತ್ತು. ಅವನು ಅದರ ಮೇಲೆ ಬಂದಾಗ ಬಟ್ಟೆಯ ಒಂದು ಪಕ್ಕ ಪಟಪಟ ಹೊಡೆದುಕೊಂಡು ಒಳಕ್ಕೆ ಮಡಚಿಕೊಂಡಿತು. ಬಿದ್ದ ಎಂದುಕೊಂಡೆ. ಅವನು ನೆಟ್ಟಗಿದ್ದ ಪಕ್ಕಕ್ಕೆ ಮೈ ವಾಲಿಸಿ ಕೂತ. ಮಡಚಿದ್ದು ಬಿಚ್ಚಿಕೊಂಡಿತು. ಆಮೇಲೆ ಗುಡ್ಡ ಬಿಟ್ಟು ನಮ್ಮ ಹೊಲದ ಕಡೆ ಅಗಲವಾಗಿ ಸುತ್ತು ಹಾಕುತ್ತ ಇಳಿಯತೊಡಗಿದ.

ನಮ್ಮಲ್ಲಿ ಹೊಟ್ಟು ಹಾರುವ ದಿಕ್ಕಿನಿಂದ ಯಾರಾದರೂ ಬಂದರೆ, ಅವರ ಮೈಮೇಲೆ ಬೀಳಬಾರದೆಂದು ತೂರುವ ಕೈ ನಿಲ್ಲಿಸುತ್ತೇವೆ. ಅವನು ಆ ಕಡೆಯಿಂದಲೇ ಬರುತ್ತಿದ್ದ. ನಾನು ಮೊರ ಇಳಿಸಿದೆ.

ಅಷ್ಟರಲ್ಲಿ ಧೂಳು ನನ್ನ ಮುಖಕ್ಕೆ ಬಡಿಯಿತು. ಗಾಳಿ ತಿರುಗಿತ್ತು. ಈಗ ಅದು ಅವನ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಎರಡು ತೆಂಗಿನಮರದಷ್ಟು ಎತ್ತರದಲ್ಲಿ ಅವನು ರಭಸವಾಗಿ ಬರುತ್ತಿದ್ದ. ಕಣದ ಆಚೆ ಬದುವಿನುದ್ದಕ್ಕೂ ಕರೆಂಟಿನ ತಂತಿ.

"ಅವ್ವಾ, ತಂತಿಗೆ ಓಯ್ತಾವ್ನೆ" ಎಂದಳು ಮಾದೇವಿ.

ಕೆರೆಗೆ ಇಳಿಯುವ ಕೊಕ್ಕರೆ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಗಾಳಿ ತಿರುಗಿದ್ದು ಅವನಿಗೆ ಕಾಣಲಿ ಎಂದು ಮೊರ ತುಂಬ ಹೊಟ್ಟು ಬಾಚಿ ಮೇಲಕ್ಕೆ ಎಸೆದೆ. ಇನ್ನೊಂದು ಮೊರ ಎಸೆದೆ. ಎಲ್ಲ ತಂತಿಯ ಕಡೆಗೇ ಹಾರಿಹೋಯಿತು.

ಅವನು ಅದನ್ನು ಕಂಡ. ಒಂದು ಪಕ್ಕಕ್ಕೆ ವಾಲಿ ಮೆಲ್ಲಗೆ ತಿರುಗಿದ. ತಂತಿಗೆ ಬೆನ್ನು ಮಾಡಿ, ಕಾಲು ಇಳಿಬಿಟ್ಟು ಬಂದು, ನೆಲ ಸಿಗುವ ಹೊತ್ತಿಗೆ ಎರಡೂ ಕೈಯ ದಾರಗಳನ್ನು ಕೆಳಕ್ಕೆ ಎಳೆದ. ಹುರುಳಿ ಕೂಳೆಯ ಮೇಲೆ ನಾಲ್ಕು ಹೆಜ್ಜೆ ಓಡಿ ನಿಂತ. ಬಟ್ಟೆ ಹಿಂದೆ ಬಿತ್ತು.

ಅದನ್ನೆಲ್ಲ ಕಳಚಿ ನಮ್ಮ ಕಡೆ ನಡೆದು ಬಂದ.

"ಲೋ ಮಗ, ಬೂಟು ಬಿಚ್ಚಾಕ್ಬುಟ್ಟು ಕಣಕ್ಕೆ ಕಾಲಿಡು ಕಣ್ಲಾ" ಎಂದೆ.

ಸಾಯದೆ ಉಳಿದು ಬಂದವನಿಗೆ ಬೂಟಿನ ಮಾತೇ ಎಂದು ಮಗಳು ನನ್ನನ್ನು ಬೈದಳು. ಅವನು ಕಣದ ಅಂಚಿನಲ್ಲಿ ಕೂತು ಬೂಟಿಗೆ ಕೈ ಹಾಕಿದ. ಲೇಸು ಗಂಟು ಬಿದ್ದಿತ್ತು. ನಾನೇ ಬಿಚ್ಚಿದೆ.

ನೀರು ಕುಡಿದ ಮೇಲೆ ನನಗೆ ಬೇಕಾದ್ದನ್ನೆಲ್ಲ ಕೇಳಿದೆ. ಅಷ್ಟು ಮೆಲ್ಲಗೆ ಯಾಕೆ ತಿರುಗಿದೆ ಎಂದೆ. ನೆಲದ ಹತ್ತಿರ ಒಂದು ಪಕ್ಕದ ದಾರ ಜೋರಾಗಿ ಎಳೆದರೆ ಉಯ್ಯಾಲೆಯಂತೆ ತೂಗಿ ಬಡಿದುಕೊಳ್ಳುತ್ತೇವೆ ಎಂದ. ಬಟ್ಟೆ ಮಡಚಿದ್ದಕ್ಕೆ, ಕಾದ ಬಂಡೆಯಿಂದ ಎದ್ದ ಗಾಳಿ ಕಾರಣ, ಆ ಹೊತ್ತಿನಲ್ಲಿ ಅಲ್ಲಿಗೆ ಹೋದದ್ದೇ ತಪ್ಪು ಎಂದ. ಆಮೇಲೆ ಅವನು ನನ್ನನ್ನು ಒಂದು ಮಾತು ಕೇಳಿದ.

"ನಿಮ್ಮ ಹೊಟ್ಟು ನೋಡ್ಕೊಂಡೇ ಇಳೀತಿದ್ದೆ ಅಜ್ಜಿ. ಯಾಕೆ ನಿಲ್ಲಿಸ್ಬಿಟ್ರಿ?"

"ನಿನ್ನ ಮೈಮ್ಯಾಕೆ ಬೀಳ್ತದೆ ಅಂತ ಕಣ್ಲಾ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಮರ್ಯಾದೆ ಎಂದು ನಾನು ಮಾಡಿದ್ದು ಅವನನ್ನು ತಂತಿಗೆ ಹಾಕುತ್ತಿತ್ತು.

ಈಗಲೂ ಹೊಟ್ಟು ಹಾರುವ ದಾರಿಯಲ್ಲಿ ಯಾರಾದರೂ ನಡೆದು ಬಂದರೆ ಕೈ ನಿಲ್ಲಿಸುತ್ತೇನೆ. ಆದರೆ ಆಗಾಗ ಮೇಲಕ್ಕೂ ನೋಡುತ್ತೇನೆ. ಅಲ್ಲಿಂದ ಬರುವವರಿಗೆ ನಿಲ್ಲಿಸುವುದಿಲ್ಲ. ಇನ್ನೂ ಯಾರೂ ಬಂದಿಲ್ಲ.