ಕರೆಂಟಿನ ಕಡೆಯ ಎರಡು ಸ್ಕ್ರೂ

ಫಿಲ್ಟರಣ್ಣ ಗುರುವಾರ ಬೆಳಗಿನ ಆರು ಗಂಟೆಗೆ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಐವತ್ತೆಂಟು. ತಮ್ಮ ಬಂದು ಮುಟ್ಟಿದ್ದು ಅಂದು ಮಧ್ಯಾಹ್ನ. ಬರುತ್ತೇನೆಂದು ಅವನು ಮಾತು ಕೊಟ್ಟಿದ್ದು ಶನಿವಾರಕ್ಕೆ.

ಪಾತ್ರೆ ತೊಳೆಯುವ ಮೆಷಿನ್ ರಿಪೇರಿ ಫಿಲ್ಟರಣ್ಣನ ಕಸುಬು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಫಿಲ್ಟರ್ ತೊಳೆದು ಎಷ್ಟು ದಿನ ಆಯ್ತು?" ಹತ್ತರಲ್ಲಿ ಎಂಟು ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೆಷಿನ್‌ಗೆ ಫಿಲ್ಟರ್ ಎನ್ನುವುದೊಂದು ಇದೆ ಎಂದು ಅವರಿಗೆ ಗೊತ್ತಾಗುತ್ತಿದ್ದುದೇ ಆಗ. ಅವನು ಕೆಳಗಿನ ತಟ್ಟೆಯನ್ನು ಹೊರಗೆಳೆದು, ತಳದ ಜಾಲರಿಯನ್ನು ತಿರುಗಿಸಿ ತೆಗೆದು, ಅದರಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಸಾಸರಿನಲ್ಲಿ ಸುರಿದು ಮನೆಯೊಡತಿಯ ಮುಂದೆ ಹಿಡಿಯುತ್ತಿದ್ದ. ನಿಂಬೆ ಬೀಜ, ಹಲ್ಲುಕಡ್ಡಿ, ಬಾಟಲಿಯ ಲೇಬಲ್ಲು, ಗಾಜಿನ ಚೂರು. "ಅಮ್ಮಾ, ನಿಮ್ಮ ಮೆಷಿನ್ ಕೆಟ್ಟಿಲ್ಲ. ಪಾಪ, ಅದಕ್ಕೆ ಮಲಬದ್ಧತೆ." ಹೊರಡುವಾಗ ಇನ್ನೊಂದು ಮಾತು: "ತೊಳೆದಾದ ಮೇಲೆ ಬಾಗಿಲು ಎರಡು ಬೆರಳಷ್ಟು ತೆರೆದಿಡಿ. ಮುಚ್ಚಿಟ್ಟರೆ ನಾರುತ್ತೆ."

ಒಂದು ಕಾಲದಲ್ಲಿ ಈ ಕೆಲಸಕ್ಕೆ ಇಬ್ಬರು ಬರುತ್ತಿದ್ದರು. ಅಣ್ಣ ನೀರಿನವನು, ತಮ್ಮ ಕರೆಂಟಿನವನು. ಪಂಪು, ಪೈಪು, ಬಾಗಿಲಿನ ರಬ್ಬರು, ನೀರು ಚಿಮ್ಮುವ ರೆಕ್ಕೆ ಅಣ್ಣನ ಪಾಲು. ಹೀಟರು, ವೈರು, ಸ್ವಿಚ್ಚು, ಬೋರ್ಡು ತಮ್ಮನದು. ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನೀರು ಮುಟ್ಟಿದ ಕೈ ವೈರು ಮುಟ್ಟಬಾರದು ಎಂಬ ಅಪ್ಪನ ಎಚ್ಚರಿಕೆ ಇಬ್ಬರಲ್ಲೂ ರಕ್ತಗತವಾಗಿತ್ತು. "ನೀರೂ ಕರೆಂಟೂ ಒಂದೇ ಹೊಟ್ಟೇಲಿ ಹುಟ್ಟಿರೋದನ್ನ ಇಲ್ಲೇ ನೋಡಿದ್ದು" ಎಂದು ಬೀದಿಯವರು ನಗುತ್ತಿದ್ದರು. ಕೆಲಸ ಮುಗಿದ ಮೇಲೆ ತಮ್ಮ ಗೋಡೆಯ ಸ್ವಿಚ್ಚಿನ ಬಳಿ ನಿಂತು "ಹಾಕ್ಲಾ?" ಎನ್ನುತ್ತಿದ್ದ. ಅಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತ "ಹಾಕು" ಎನ್ನುತ್ತಿದ್ದ. ಮೆಷಿನ್ ಒಮ್ಮೆ ಗೊಳಗೊಳ ಎಂದು ನೀರು ಕುಡಿಯಲು ಶುರುಮಾಡಿದರೆ ಇಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ತೊಟ್ಟಿಲ ಕೂಸನ್ನು ನೋಡುವವರ ಹಾಗೆ ನೋಡುತ್ತಿದ್ದರು.

ಇಬ್ಬರ ಗಡಿಯಲ್ಲಿದ್ದ ಸಾಮಾನು ಒಂದೇ. ಮೆಷಿನ್ನಿನ ತಳದ ತಗಡಿನಲ್ಲಿ ಅಂಗೈಯಗಲದ ಥರ್ಮಾಕೋಲ್ ಬಿಲ್ಲೆ ಇರುತ್ತದೆ. ಒಳಗೆಲ್ಲಾದರೂ ನೀರು ಸೋರಿ ತಗಡಿನಲ್ಲಿ ನಿಂತರೆ ಬಿಲ್ಲೆ ತೇಲಿ ಮೇಲಿನ ಸ್ವಿಚ್ಚನ್ನು ಒತ್ತುತ್ತದೆ, ಮೆಷಿನ್ ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಬಿಲ್ಲೆ ನೀರಿನದು, ಸ್ವಿಚ್ಚು ಕರೆಂಟಿನದು. ಅಣ್ಣತಮ್ಮಂದಿರು ಬೇರೆಯಾದದ್ದು ಇಷ್ಟು ಪುಟ್ಟ ಜಾಗದಲ್ಲಿ.

ಏಳು ವರ್ಷದ ಹಿಂದೆ, ಆಗತಾನೇ ನಿವೃತ್ತರಾಗಿದ್ದ ಟೀಚರಮ್ಮನ ಮನೆಯ ಮೆಷಿನ್ನನ್ನು ಇಬ್ಬರೂ ರಿಪೇರಿ ಮಾಡಿ ಬಂದಿದ್ದರು. ಮೂರನೆಯ ದಿನ ಅವರು ಹೊರಗೆ ಹೋಗಿದ್ದಾಗ ಒಳಗಿನ ಹಳೆಯ ಪೈಪೊಂದು ಸೀಳಿತು. ಪೈಪು ಸೀಳುವುದು ಯಾರ ತಪ್ಪೂ ಅಲ್ಲ. ಆದರೆ ಮೆಷಿನ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಸಂಜೆಯವರೆಗೆ ನೀರು ಹರಿದು, ಹಲಗೆಯ ನೆಲ ಉಬ್ಬಿ, ಕೆಳಗಿನ ಸಾಲಿನ ಪುಸ್ತಕಗಳೆಲ್ಲ ಊದಿಕೊಂಡವು.

ಟೀಚರಮ್ಮ ಕಾಲುಂಗುರ ಮುಳುಗುವಷ್ಟು ನೀರಿನಲ್ಲಿ ನಿಂತು ಕೇಳಿದರು: "ನೀರು ಸೋರಿದರೆ ತಾನೇ ನಿಲ್ಲುತ್ತೆ ಅಂದಿದ್ರಲ್ಲ?"

ಅಣ್ಣ ತಮ್ಮನ ಕಡೆ ಕೈ ತೋರಿಸಿದ. "ಸ್ವಿಚ್ಚು ಇವನ ಕೆಲಸ."

"ಜೋಡಿಸಿದ್ದೀನಿ, ಅಣ್ಣ."

"ಜೋಡಿಸಿದ್ರೆ ಹೀಗ್ಯಾಕೆ ಆಗ್ತಿತ್ತು?"

ಮೆಷಿನ್ ಬಿಚ್ಚಿ ನೋಡೋಣವೆಂದರೆ ಟೀಚರಮ್ಮ ಬಿಡಲಿಲ್ಲ. "ಮುಟ್ಟಬೇಡಿ. ಇಬ್ಬರೂ ಹೊರಗೆ ನಡೀರಿ" ಎಂದರು. ಬೀದಿಗೆ ಬಂದ ಮೇಲೆ ತಮ್ಮ, "ಒಳಗೆ ಹೇಳಿದ್ದನ್ನ ಇಲ್ಲಿ ಇನ್ನೊಂದ್ಸಲ ಹೇಳು ನೋಡೋಣ" ಎಂದ. ಆಡಿದ ಮಾತನ್ನು ನುಂಗಿಕೊಳ್ಳಲು ಅದೊಂದು ಅವಕಾಶವಾಗಿತ್ತು. ಅಣ್ಣ ಮತ್ತೆ ಹೇಳಿದ. ಆ ವಾರವೇ ತಮ್ಮ ಬೇರೆ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಹೊರಟುಹೋದ. ಅವನ ಹಳದಿ ಹಿಡಿಯ ಟೆಸ್ಟರು ಅಣ್ಣನ ಚೀಲದಲ್ಲೇ ಉಳಿಯಿತು.

ಅಂದಿನಿಂದ ಫಿಲ್ಟರಣ್ಣ ಅರ್ಧ ರಿಪೇರಿಯವನಾದ. ನೀರಿನದು ಮುಗಿಸಿ, "ಕರೆಂಟಿನ ಕಡೆಗೆ ಬೇರೆಯವರನ್ನ ಕರೆಸಿ" ಎಂದು ಎದ್ದುಬಿಡುತ್ತಿದ್ದ. ಕಲಿಯಬಹುದಿತ್ತಲ್ಲ ಎಂದವರಿಗೆ, "ಅದು ನಮ್ಮನೇಲಿ ಇನ್ನೊಬ್ಬರ ಪಾಲು" ಎನ್ನುತ್ತಿದ್ದ. ಟೆಸ್ಟರನ್ನು ಏಳು ವರ್ಷ ಹೊತ್ತು ತಿರುಗಿದ, ಒಮ್ಮೆಯೂ ಬಳಸಲಿಲ್ಲ. ಕೆಲವು ಮನೆಗಳಲ್ಲಿ ಕೆಲಸ ಮುಗಿದಾಗ ಅಭ್ಯಾಸಬಲದಿಂದ, ತಿರುಗಿಯೂ ನೋಡದೆ, "ಹಾಕು" ಎಂದುಬಿಡುತ್ತಿದ್ದ. ಮನೆಯವರು ತಮಗೇ ಹೇಳಿದ್ದೆಂದು ಓಡಿಬಂದು ಸ್ವಿಚ್ಚು ಒತ್ತುತ್ತಿದ್ದರು. ಮೆಷಿನ್ ಶುರುವಾಗುತ್ತಿತ್ತು. ಅವನು ಒಬ್ಬನೇ ಕುಕ್ಕರಗಾಲಲ್ಲಿ ಕೂತು, ಪಕ್ಕದಲ್ಲಿ ಒಂದಾಳಿನ ಜಾಗ ಬಿಟ್ಟು, ನೋಡುತ್ತಿದ್ದ.

ಹೆಂಡತಿ ಎಷ್ಟೋ ಸಲ ಹೇಳಿದಳು. "ಒಂದು ಫೋನ್ ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ತಪ್ಪು ಮಾಡಿದವನು ಮಾಡ್ಲಿ."

"ಊರವರ ಮೆಷಿನ್ ಬಾಗಿಲು ತೆರೆದಿಡಿ, ಮುಚ್ಚಿದ್ರೆ ನಾರುತ್ತೆ ಅಂತೀರಿ. ನಿಮ್ಮ ಬಾಯಿ ಮುಚ್ಚಿ ಎಷ್ಟು ವರ್ಷ ಆಯ್ತು ಲೆಕ್ಕ ಇದೆಯಾ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಆದರೂ ಬಸ್ ನಿಲ್ದಾಣದ ಮುಂದೆ ಹೋಗುವಾಗ ಸೈಕಲ್ ತಾನಾಗಿ ನಿಧಾನವಾಗುತ್ತಿತ್ತು. ಇಳಿಯುವವರ ಮುಖಗಳನ್ನು ನೋಡುತ್ತಿದ್ದುದು ಅವನಿಗೆ ಗೊತ್ತಿತ್ತು. ಯಾರನ್ನು ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು.

ಹೋದ ಸೋಮವಾರ ಟೀಚರಮ್ಮ ಫೋನ್ ಮಾಡಿದರು. ಆಮೇಲೆ ಕೊಂಡ ಹೊಸ ಮೆಷಿನ್ ಕೆಟ್ಟು ಕೂತಿದೆ, ಹಿಂದಿನ ಉಗ್ರಾಣದಲ್ಲಿ ಹಾಸಿಗೆ ಚಾದರ ಹೊದ್ದುಕೊಂಡು ಮಲಗಿರುವ ಹಳೆಯದನ್ನೇ ಎಬ್ಬಿಸಲಾದೀತೇ? "ಇಷ್ಟು ಹಳೇದನ್ನ ಮುಟ್ಟೋದಿಲ್ಲ ಅಂತ ಎಲ್ಲರೂ ಕೈ ಅಲ್ಲಾಡಿಸಿಬಿಟ್ರು. ನನಗೂ ಸಿಟ್ಟು ಇಳಿದು ಬಹಳ ದಿನ ಆಯ್ತು, ಬಾಪ್ಪ."

ಮಂಗಳವಾರ ಅವನು ಚಾದರ ಸರಿಸಿ, ಮುಂದಿನ ಕೆಳ ತಗಡನ್ನು ಬಿಚ್ಚಿ, ಟಾರ್ಚು ಬಿಟ್ಟು ನೋಡಿದ. ಬಿಲ್ಲೆ ತಳಕ್ಕೆ ಕಚ್ಚಿಕೊಂಡಿತ್ತು. ಅದರ ಮೇಲೆ, ಅದು ಏಳದ ಹಾಗೆ, ರಟ್ಟಿನ ಚೂರೊಂದು ಸಿಕ್ಕಿಕೊಂಡಿತ್ತು. ಟೀ ಪುಡಿಯ ಪೊಟ್ಟಣದ ರಟ್ಟು, ಅಂಚಿಗೆ ಅಂಚು ಕೂಡಿಸಿದ ನಾಲ್ಕು ಮಡಿಕೆ. ತಗಡು ಇನ್ನೂ ಒದ್ದೆ ಇರುವಾಗ ಮೆಷಿನ್ ಓಡಿಸಿ ಪರೀಕ್ಷಿಸಬೇಕಾದರೆ ರಿಪೇರಿಯವರು ಬಿಲ್ಲೆಯನ್ನು ಹೀಗೆ ಅದುಮಿಡುವುದುಂಟು. ಆಮೇಲೆ ಮರೆಯದೆ ತೆಗೆಯಬೇಕು. ಬಸ್ ಚೀಟಿಯನ್ನೂ ನಾಲ್ಕು ಮಡಿಕೆ ಮಾಡುವವನು ಅಣ್ಣತಮ್ಮಂದಿರಲ್ಲಿ ಒಬ್ಬನೇ, ಅಣ್ಣ.

ಅವನು ಬಹಳ ಹೊತ್ತು ಏಳಲಿಲ್ಲ. ಟೀಚರಮ್ಮ ಟೀ ತಂದಿಟ್ಟರು, ಅದು ಆರಿತು. "ಏನಪ್ಪ, ಸತ್ತೇಹೋಗಿದೆಯಾ?" ಎಂದರು. "ಇಲ್ಲ ಟೀಚರಮ್ಮ, ಬದುಕಿದೆ. ಆವತ್ತು ನೀರು ಹರಿಸಿದ್ದು ನಾನು. ಅವನಲ್ಲ" ಎಂದ.

ಅಂದು ಸಂಜೆ, ಹೆಂಡತಿ ಎದುರಿಗೆ ಕೂತಿದ್ದಾಗಲೇ, ತಮ್ಮನಿಗೆ ಫೋನ್ ಮಾಡಿದ.

"ನಾನು."

"ಗೊತ್ತು. ನಂಬರ್ ಅಳಿಸಿಲ್ಲ."

"ಟೀಚರಮ್ಮನ ಮೆಷಿನ್ ಬಿಚ್ಚಿದೆ. ಬಿಲ್ಲೆ ಮೇಲೆ ರಟ್ಟಿತ್ತು. ನಾಲ್ಕು ಮಡಿಕೆ."

ಅಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಂದೇ ಕಣೋ. ತೆಗೆಯೋದು ಮರೆತಿದ್ದೆ."

"ಏಳು ವರ್ಷ, ಅಣ್ಣ. ಜೋಡಿಸಿದ್ನೋ ಇಲ್ವೋ, ಜೋಡಿಸಿದ್ನೋ ಇಲ್ವೋ ಅಂತ. ಕೊನೆಕೊನೆಗೆ ನನಗೇ ಅನುಮಾನ ಬಂದುಬಿಟ್ಟಿತ್ತು."

"ನೀನು ಜೋಡಿಸಿದ್ದೆ. ಸರಿಯಾಗೇ ಜೋಡಿಸಿದ್ದೆ. ನಾನೇ ನೋಡಿದೆ."

"ಮುಟ್ಟಿದ್ಯಾ?"

"ಛೆ, ಇಲ್ಲಪ್ಪ. ಕಣ್ಣಲ್ಲಿ ನೋಡಿದೆ ಅಷ್ಟೆ."

ತಮ್ಮ ನಕ್ಕನೋ, ಮೂಗು ಒರೆಸಿಕೊಂಡನೋ, ಹೆಂಡತಿಗೆ ಕೇಳಿಸಿದ್ದು ಒಂದು ಸದ್ದು ಮಾತ್ರ. "ಕರೆಂಟಿನ ಕಡೆ ಯಾರು ನೋಡ್ತಾರೆ?"

"ಯಾರೂ ಇಲ್ಲ. ಹಾಗೇ ಬಿಟ್ಟಿದ್ದೀನಿ."

"ಶನಿವಾರ ರಜೆ. ಬರ್ತೀನಿ. ನಿನ್ನ ಪಾಡಿಗೆ ನೀನು ನೀರಿಂದು ಮುಗಿಸಿಡು."

ಬುಧವಾರ ಅವನು ಅದನ್ನು ಮುಗಿಸಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಂಪನ್ನು ಕೈಯಿಂದಲೇ ಸುತ್ತಿ ಸುತ್ತಿ ಬಿಡಿಸಿದ. ಒಣಗಿ ಸೀಳಿದ್ದ ಬಾಗಿಲ ರಬ್ಬರು ಬದಲಿಸಿದ, ಹೊಸ ಪೈಪು ಹಾಕಿದ, ರೆಕ್ಕೆಯ ತೂತುಗಳಲ್ಲಿ ಗಟ್ಟಿಯಾಗಿದ್ದ ಸುಣ್ಣವನ್ನು ಸೂಜಿಯಿಂದ ಒಂದೊಂದಾಗಿ ಕೆದಕಿ ತೆಗೆದ. ಎದೆ ಹಿಡಿದಂತಾಗಿ ಎರಡು ಸಲ ಗೋಡೆಗೊರಗಿ ಕೂತನಂತೆ. ಟೀಚರಮ್ಮ ಕೇಳಿದ್ದಕ್ಕೆ, "ನನ್ನ ಫಿಲ್ಟರೂ ತೊಳೆದು ಬಹಳ ದಿನ ಆಯ್ತು" ಎಂದು ನಕ್ಕನಂತೆ.

ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಟೀಚರಮ್ಮ ಗೋಡೆಯ ಬಳಿ ಹೋಗಿ, ಬೆರಳನ್ನು ಸ್ವಿಚ್ಚಿನ ಮೇಲಿಟ್ಟು, "ಹಾಕ್ಲಾ?" ಎಂದರು.

ಅವನು ತಿರುಗಿ ನೋಡಿದ. "ಬೇಡ ಟೀಚರಮ್ಮ. ಶನಿವಾರ."

ಆಮೇಲೆ ಪಕ್ಕದ ತಗಡಿನ ಎರಡು ಸ್ಕ್ರೂಗಳನ್ನು ಬಿಚ್ಚಿ, ಕಳೆದುಹೋಗದ ಹಾಗೆ ಬಾಟಲಿಯ ಮುಚ್ಚಳದೊಳಗೆ ಹಾಕಿ ಮೆಷಿನ್ನಿನ ಮೇಲಿಟ್ಟ. ಚೀಲದ ತಳದಿಂದ ಹಳದಿ ಹಿಡಿಯ ಟೆಸ್ಟರು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಬಂದವನ ಕೈಗೆ ಸಿಗುವಂತೆ ಹಿಡಿಯನ್ನು ಬಾಗಿಲ ಕಡೆಗೆ ಮಾಡಿ, ಮುಚ್ಚಳದ ಪಕ್ಕದಲ್ಲಿಟ್ಟ.