ಹ್ಯಾಂಡಲ್ಲಿಗೆ ಕಟ್ಟಿದ ಗಂಟೆ

ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಒಂದು ಮೊಳೆಯಿದೆ. ಆ ಮೊಳೆಗೆ ಬಹಳ ಕಾಲ ಒಂದು ಕಂಚಿನ ಗಂಟೆ ನೇತುಬಿದ್ದಿತ್ತು. ಮುಷ್ಟಿಯಷ್ಟು ಗಾತ್ರ, ಸವೆದು ನುಣುಪಾದ ಅಂಚು, ನಾಲಿಗೆಯಾಗಿ ಒಂದು ಕಬ್ಬಿಣದ ಗುಂಡು. ನನ್ನ ತವರು ಕಲ್ಯಾಣದುರ್ಗದಾಚೆ, ಸೆಟ್ಟೂರಿನ ಕಡೆ. ನಮ್ಮಣ್ಣ ದನಕುರಿಗಳನ್ನೆಲ್ಲ ಮಾರಿ ಕಲ್ಯಾಣದುರ್ಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ತೆರೆದಾಗ, ಕೊಟ್ಟಿಗೆಯ ಸಾಮಾನಿನಲ್ಲಿ ನಿನಗೆ ಬೇಕಾದದ್ದು ತೆಗೆದುಕೊ ಎಂದ. ಬುದ್ಧಿವಂತರಾಗಿದ್ದರೆ ತಾಮ್ರದ ಹಂಡೆಗೆ ಕೈ ಹಾಕುತ್ತಿದ್ದರು. ನಾನು ಈ ಗಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೂಪುರದ ಬಸ್ಸು ಹತ್ತಿದೆ. ಅದು ಯಾವ ಪ್ರಾಣಿಯ ಕೊರಳಿನದೆಂದು ಕೇಳಲಿಲ್ಲ. ಗಂಟೆಗೆ ಅಂಥದ್ದೊಂದು ಕುಲಗೋತ್ರ ಇರುತ್ತದೆಂದು ನನಗಾಗ ಹೊಳೆದಿರಲಿಲ್ಲ.

ನಾನು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವಳು. ಹಿಂದೂಪುರದ ಹೊರಗೆ, ಕೆರೆಯಾಚೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಊರವರ ಬಾಯಲ್ಲಿ ನಾನು ಟೀಚರಮ್ಮ. ಮುಂದಿನ ಬುಟ್ಟಿಯಲ್ಲಿ ಬುತ್ತಿ, ಹಿಂದಿನ ಕ್ಯಾರಿಯರಿನಲ್ಲಿ ಮಕ್ಕಳ ಕಾಪಿ ಪುಸ್ತಕಗಳ ಕಟ್ಟು, ಚೈನಿಗೆ ಸಿಕ್ಕದಂತೆ ಎತ್ತಿ ಸಿಕ್ಕಿಸಿದ ಸೀರೆ. ಬಜಾರಿನಲ್ಲಿ ಹಗ್ಗ, ಬಕೆಟ್ಟು, ಮೊಳೆ ಮಾರುವ ಅಂಗಡಿಯಿಟ್ಟಿರುವ ನಮ್ಮನೆಯವರಿಗೆ ಇದು ಹಳೆಯ ಸಂಕಟ. "ಈ ವಯಸ್ನಾಗೆ ಸೈಕಲ್ ತುಳೀಬೇಕೇನೇ? ಒಂದು ಸ್ಕೂಟರ್ ಕೊಡಿಸಕ್ಕಾಗಲ್ವಾ ಇವನಿಗೆ ಅಂತ ಬಜಾರ್ನಾಗೆ ನನ್ನ ಮಕ ನೋಡಿ ನಗ್ತಾರೆ" ಎನ್ನುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ನಮ್ಮ ಸಂಸಾರ ನಡೆದುಬಂದಿದೆ. ಇಬ್ಬರಲ್ಲಿ ಎತ್ತು ಯಾರೆಂದು ನಾವಿನ್ನೂ ತೀರ್ಮಾನಿಸಿಲ್ಲ, ಆದರೆ ಏರಿಯ ಕಡೆಗೆ ಎಳೆಯುವವಳು ಮಾತ್ರ ನಾನೇ.

ಏಕೆಂದರೆ ನನ್ನ ದಾರಿಯಿರುವುದು ಕೆರೆಯ ಏರಿಯ ಮೇಲೆ. ಶಾಲೆಗೆ ಹೆದ್ದಾರಿಯಲ್ಲೂ ಹೋಗಬಹುದು, ಆದರೆ ಅಲ್ಲಿ ದೊಡ್ಡವರು ಯಾರೆಂಬುದು ಚಕ್ರಗಳ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ. ಸೈಕಲ್ಲಿಗೆ ಉಳಿಯುವುದು ಟಾರಿಗೂ ಮಣ್ಣಿಗೂ ಸೇರದ ಅಂಚಿನ ಒಂದು ಗೇಣು. ಸುಗ್ಗಿ ಬಂದರೆ ಒಳರಸ್ತೆಗಳಲ್ಲಿ ಆ ಗೇಣೂ ಇಲ್ಲ. ಅಲ್ಲಿ ರಾಗಿಯ ತೆನೆಯನ್ನೋ ಹುರುಳಿಯ ಬಳ್ಳಿಯನ್ನೋ ಹರಡಿ, ಹೋಗಿಬರುವ ಗಾಡಿಗಳಿಂದಲೇ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡಿತೆಂದರೆ ಬಿಡಿಸುವಷ್ಟರಲ್ಲಿ ಶಾಲೆಯ ಪ್ರಾರ್ಥನೆ ಮುಗಿದಿರುತ್ತದೆ. ಆದರೂ ಊರಿನ ನಾಲ್ಕು ಕಾಳು ನನ್ನ ಚಕ್ರದಡಿಯಲ್ಲೂ ಉದುರಿರಬಹುದೆಂದು ನಾನು ಒಳಗೊಳಗೇ ಬೀಗುವುದುಂಟು.

ಏರಿಯ ಮೇಲಿನ ನ್ಯಾಯವೇ ಬೇರೆ, ಗೆಳೆಯರೇ. ಅಲ್ಲಿ ಮೊದಲ ದಾರಿ ತಲೆಯ ಮೇಲೆ ಹೊರೆ ಹೊತ್ತವರಿಗೆ, ಅವರಿಗೆ ಕತ್ತು ತಿರುಗಿಸಲು ಆಗುವುದಿಲ್ಲ. ಆಮೇಲಿನದು ಎಮ್ಮೆಗೆ, ಅದು ಕತ್ತು ತಿರುಗಿಸುವುದಿಲ್ಲ. ಅದಾದ ಮೇಲೆ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರು, ಅವರಿಗೆ ಡಾಕ್ಟರು ಹೇಳಿದ್ದಾರೆ. ಎಲ್ಲರೂ ದಾಟಿದ ಮೇಲೆ ಸೈಕಲ್ಲು. ಒಂದು ಕಡೆ ನೀರು, ಒಂದು ಕಡೆ ಗದ್ದೆ, ನಡುವೆ ಇಷ್ಟಗಲದ ಮಣ್ಣು. ಅದರ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ಸರಿದು ನಿಂತು, ತೆಲುಗಿನಲ್ಲಿ ಶುರುವಾದ ಮಾತನ್ನು ಕನ್ನಡದಲ್ಲಿ ಮುಗಿಸಿ, ಮುಂದೆ ಸಾಗುತ್ತಾರೆ. ದಾರಿಯನ್ನು ಹಂಚಿಕೊಳ್ಳುವುದೆಂದರೆ ಕಾಯುವುದು ಎಂಬ ಪಾಠ ನಾನು ಕಲಿತದ್ದು ಅಲ್ಲೇ. ಸ್ಕೂಟರಿನ ಮೇಲೆ ನನಗೆ ಹಗೆಯೇನಿಲ್ಲ. ಆದರೆ ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ಕಲಿತ ದಿನದಿಂದ, ಯಾರೂ ಕರೆದೊಯ್ಯದೆ, ಯಾರೂ ಕರೆತರದೆ, ಪೆಟ್ರೋಲಿಗೂ ಕೈಚಾಚದೆ ನನ್ನ ಕಾಲಿನ ಬಲದಿಂದಲೇ ನಾನು ಹೋಗಬೇಕಾದಲ್ಲಿಗೆ ಹೋಗಿದ್ದೇನೆ. ಈ ಸ್ವಾತಂತ್ರ್ಯ ನನಗೆ ಒಡವೆಗಿಂತ ಹೆಚ್ಚು.

ಒಂದು ದಿನ ಸಂತೆಯಲ್ಲಿ ನಿಲ್ಲಿಸಿದ್ದ ಸೈಕಲ್ಲಿನ ಬೆಲ್ಲನ್ನು ಯಾರೋ ಬಿಚ್ಚಿಕೊಂಡು ಹೋದರು. ಹೊಸದನ್ನು ನಾಳೆ ತರೋಣ, ನಾಡಿದ್ದು ತರೋಣ ಎನ್ನುತ್ತಿರುವಾಗ ಬಚ್ಚಲುಮನೆಯ ಗಂಟೆ ಕಣ್ಣಿಗೆ ಬಿತ್ತು. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಮನೆಯಲ್ಲಿರುವ ವಸ್ತು ಸುಮ್ಮನಿರುವುದನ್ನು ನೋಡಲಾಗದು. ಒಂದು ಲಾಡಿಯ ತುಂಡಿನಿಂದ ಅದನ್ನು ಹ್ಯಾಂಡಲ್ಲಿಗೆ ಕಟ್ಟಿದೆ. ಏರಿಯ ಪ್ರತಿಯೊಂದು ಗುಣಿಗೂ ಅದು ತಾನಾಗಿಯೇ ಡಣ್ ಡಣ್ ಎನ್ನುತ್ತಿತ್ತು. ಹೊರೆ ಹೊತ್ತವರು ದೂರದಿಂದಲೇ ಸರಿದರು, ನಿವೃತ್ತರು ಹೊಗಳಿದರು, ಎಮ್ಮೆ ಕೂಡ ಕಿವಿ ಅಲ್ಲಾಡಿಸಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೊಂದು ಬೆಳಿಗ್ಗೆ ಓಬಳಪ್ಪನ ಕುರಿಹಿಂಡು ಎದುರಾಯಿತು. ಓಬಳಪ್ಪ ಆ ಹಳ್ಳಿಯ ಹಳೆಯ ಕುರಿಗಾರ. ಹೆಗಲ ಮೇಲಿನ ಕಂಬಳಿ ಬೇಸಿಗೆಯಲ್ಲೂ ಇಳಿಯದು. ನಾನು ಹೇಗೋ ನುಸುಳಿ ಹಿಂಡನ್ನು ದಾಟಿ ಮುಂದೆ ಬಂದೆ. ಸ್ವಲ್ಪ ದೂರದಲ್ಲಿ ಹಿಂದೆ ಮಳೆ ಬಂದಂಥ ಸದ್ದು. ತಿರುಗಿ ನೋಡಿದರೆ ಇಡೀ ಹಿಂಡು ನನ್ನ ಬೆನ್ನು ಹತ್ತಿದೆ. ಗಾಬರಿಯಿಂದ ಜೋರಾಗಿ ತುಳಿದೆ; ಜೋರಾಗಿ ತುಳಿದಷ್ಟೂ ಗಂಟೆ ಜೋರಾಗಿ ಬಡಿಯಿತು, ಗಂಟೆ ಬಡಿದಷ್ಟೂ ಕುರಿಗಳು ಓಡಿಬಂದವು. ಹೀಗೆ ನಾವೆಲ್ಲ ಒಟ್ಟಿಗೇ ಶಾಲೆಯ ಗೇಟನ್ನು ಪ್ರವೇಶಿಸಿದೆವು. ಪ್ರಾರ್ಥನೆಗೆ ನಿಂತಿದ್ದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪ್ರಾರ್ಥನೆ ಎಂದೂ ಸಿಕ್ಕಿರಲಿಲ್ಲ. ಹೆಡ್‌ಮಾಸ್ತರರು ನೀರು ಹೊಯ್ದು ಬೆಳೆಸಿದ್ದ ನುಗ್ಗೆಯ ಸಸಿಗಳು ಅವರ ಕಣ್ಣೆದುರಿಗೇ ಕಣ್ಮರೆಯಾದವು.

ಏದುಸಿರು ಬಿಡುತ್ತ ಬಂದ ಓಬಳಪ್ಪ ಗಂಟೆಯನ್ನು ಹಿಡಿದು ನೋಡಿ ತಲೆ ಚಚ್ಚಿಕೊಂಡ. "ಇದು ಮುಂದ್ಲ ಟಗರಿನ ಗಂಟೆ ಕಣಮ್ಮ ಟೀಚರಮ್ಮ. ಹಿಂಡಿನ ಮುಂದೆ ಹೋಗೋ ಟಗರಿನ ಕತ್ತಿಗೆ ಕಟ್ಟೋದು. ನನ್ನ ಟಗರು ಮೊನ್ನೆ ಹಬ್ಬಕ್ಕೆ ಹೋಗ್ಬುಡ್ತು, ಹೊಸದು ಇನ್ನಾ ಪಳಗಿಲ್ಲ. ತಲೆ ಇಲ್ದೆ ಒದ್ದಾಡ್ತಿದ್ದವು, ನೀವು ಗಂಟೆ ಬಾರಿಸ್ಕೊಂಡು ಬಂದ್ರಿ. ಇನ್ನೇನ್ ಮಾಡ್ತಾವೆ?"

ಗಂಟೆಯನ್ನು ಆಗಲೇ ಬಿಚ್ಚಿ ಬುಟ್ಟಿಗೆ ಹಾಕಿದೆ. ಆದರೆ ಮಾತು ಅಷ್ಟಕ್ಕೆ ನಿಲ್ಲಲಿಲ್ಲ. ಏರಿಯ ಮೇಲೆ ಹುಡುಗರು ಬೈಕು ಹಾರಿಸಿ ಎಮ್ಮೆಗಳನ್ನು ಬೆದರಿಸುವುದರಿಂದ ಊರಿಗೆ ಮೊದಲೇ ರೋಸಿಹೋಗಿತ್ತು; ನನ್ನ ಮೆರವಣಿಗೆ ಅದಕ್ಕೆ ಕೊನೆಯ ನೆಪವಾಯಿತು. ಹುಣಸೆಮರದ ಕಟ್ಟೆಯ ಮೇಲೆ ಹಿರಿಯರು ಕೂತು, ದನಕುರಿ ಓಡಾಡುವ ಹೊತ್ತಿನಲ್ಲಿ ಏರಿಯ ಮೇಲೆ ಚಕ್ರವಿರುವ ಯಾವುದೂ ಬರಕೂಡದೆಂದು ತೀರ್ಮಾನಿಸಿದರು. ಸೈಕಲ್ಲೂ ಬೈಕೂ ಒಂದೇ ಏನು ಎಂದು ನಾನು ಕೇಳಿದ್ದಕ್ಕೆ, "ಟೀಚರಮ್ಮನಿಗೊಂದು ನ್ಯಾಯ, ಹುಡುಗರಿಗೊಂದು ನ್ಯಾಯ ಮಾಡಕ್ಕಾಯ್ತದಾ?" ಎಂದರು. ದಿನವೂ ಮಕ್ಕಳಿಗೆ ಸಮಾನತೆಯ ಪಾಠ ಹೇಳುವವಳು ಏನೆಂದು ಉತ್ತರಿಸಲಿ? ನಾನು ಹೆದ್ದಾರಿಗೆ ಇಳಿದೆ.

ಹೆದ್ದಾರಿಯಲ್ಲಿ ನನಗೆ ಭಯವಾಯಿತು. ಟಿಪ್ಪರು ಹಾದುಹೋದರೆ ಅದರ ಗಾಳಿ ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಸೆಳೆಯುತ್ತಿತ್ತು. ಹಾರನ್ನುಗಳಿಗೆ ಬೆಚ್ಚಿ ಬೆಚ್ಚಿ ಶಾಲೆ ಸೇರುವಷ್ಟರಲ್ಲಿ ಪಾಠ ಹೇಳುವ ದನಿಯೇ ಉಳಿದಿರುತ್ತಿರಲಿಲ್ಲ. ಒಂದು ದಿನ ಬಸ್ಸೊಂದಕ್ಕೆ ದಾರಿಬಿಡಲು ಹೋಗಿ ಹಳ್ಳಕ್ಕೆ ಬಿದ್ದೆ. ಬುತ್ತಿಯ ಚಿತ್ರಾನ್ನ ಇರುವೆಗಳ ಪಾಲಾಯಿತು, ಮೊಣಕೈ ತರಚಿತು. ಸಂಜೆ ನಮ್ಮನೆಯವರು ಗಾಯಕ್ಕೆ ಅರಿಶಿನ ಹಚ್ಚುತ್ತ ಬೈಯಲಿಲ್ಲ. "ಸೋಮವಾರ ಷೋರೂಮಿಗೆ ಹೋಗಿಬರಾನ. ನೀನು ಬರೋದು ತಡವಾದ್ರೆ ಅಂಗಡೀಲಿ ನನ್ನ ಕೈ ಆಡಲ್ಲ ಕಣೇ" ಎಂದರು. ಬೈದಿದ್ದರೆ ಎದುರಾಡುತ್ತಿದ್ದೆ. ಆ ಮಾತಿಗೆ ಆಗಲಿ ಎಂದೆ, ಮತ್ತು ಒಳಗೆ ಹೋಗಿ ಸೈಕಲ್ಲಿನ ಸೀಟನ್ನು ಒರೆಸುತ್ತ ಅತ್ತುಬಿಟ್ಟೆ.

ಮರುದಿನ ಶನಿವಾರ. ಸೈಕಲ್ಲಿನ ಕೊನೆಯ ಸವಾರಿ ಎಂದುಕೊಂಡೇ ಹೊರಟೆ. ಕೆರೆಯ ಏರಿ ಹೆದ್ದಾರಿಗೆ ಬಂದು ಸೇರುವ ಜಾಗದಲ್ಲಿ ಓಬಳಪ್ಪ ಕುರಿಗಳನ್ನು ರಸ್ತೆ ದಾಟಿಸುತ್ತಿದ್ದ. ಆಚೆಯ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಮುಗಿದಿತ್ತು, ಮೇಯಲು ಬಳ್ಳಿಯಿತ್ತು. ಅರ್ಧ ಹಿಂಡು ರಸ್ತೆಯ ನಡುವೆ ಇರುವಾಗ ಒಂದು ಲಾರಿ ದೂರದಿಂದಲೇ ಹಾರನ್ನನ್ನು ಒತ್ತಿ ಹಿಡಿಯಿತು. ಕುರಿಗಳು ಬೆದರಿ ಆಚೆಗೂ ಹೋಗದೆ ಈಚೆಗೂ ಬಾರದೆ ರಸ್ತೆಯುದ್ದಕ್ಕೂ, ಬರುವ ಗಾಡಿಗಳ ಕಡೆಗೇ ಓಡತೊಡಗಿದವು. ಓಬಳಪ್ಪ ಕಂಬಳಿ ಬೀಸುತ್ತ ಕೂಗುತ್ತಿದ್ದ. ಅವನ ಕೂಗನ್ನು ಹಾರನ್ನು ನುಂಗಿಹಾಕುತ್ತಿತ್ತು. ಆ ಹಿಂಡು ಅವನ ಬದುಕೆಲ್ಲ. ಅದು ಚಕ್ರಗಳಿಗೆ ಸಿಕ್ಕುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ.

ಬುಟ್ಟಿಯಲ್ಲಿ, ಬುತ್ತಿಯ ಕೆಳಗೆ, ಗಂಟೆ ಹಾಗೇ ಬಿದ್ದಿತ್ತು. ಅದನ್ನೆತ್ತಿ, ಒಂದು ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಇನ್ನೊಂದು ಕೈ ನೋಯುವಷ್ಟು ಬಾರಿಸುತ್ತ ಸೈಕಲ್ಲನ್ನು ಕುರಿಗಳ ಮುಂದೆಯೇ ಅಡ್ಡ ಹಾಯಿಸಿ ಏರಿಯ ಕಡೆಗೆ ತಿರುಗಿಸಿದೆ. ಮೊದಲೊಂದು ಕುರಿ ತಲೆಯೆತ್ತಿತು. ಅದು ತಿರುಗಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು ಟಾರು ಬಿಟ್ಟು ನನ್ನ ಹಿಂದೆ ಮಣ್ಣಿಗಿಳಿಯಿತು. ಲಾರಿ ನಿಂತಿತು, ಅದರ ಹಿಂದೆ ಬಸ್ಸು ನಿಂತಿತು, ಕಾರುಗಳು ನಿಂತವು. ನನ್ನನ್ನು ಹಳ್ಳಕ್ಕೆ ತಳ್ಳುತ್ತಿದ್ದ ಹೆದ್ದಾರಿಯೆಲ್ಲ ನಾನು ದಾಟುವವರೆಗೆ ಕೈಕಟ್ಟಿ ನಿಂತುಕೊಂಡಿತು. ನಿಷೇಧವಾದ ಏರಿಯ ಮೇಲೆ, ಧೂಳೆಬ್ಬಿಸುವ ಆ ಸೈನ್ಯದ ಮುಂದೆ ನಾನು ಸೈಕಲ್ಲು ತುಳಿದೆ. ಜೀವನದಲ್ಲಿ ನನಗೆ ಸನ್ಮಾನಗಳಾಗಿಲ್ಲ. ಆಗಿದ್ದರೂ ಆ ಬೆಳಗಿನ ಮುಂದೆ ಸಪ್ಪೆಯೇ.

ತೂಬಿನ ಹತ್ತಿರ ಇಳಿದು ನಿಂತೆ. ಓಬಳಪ್ಪ ಓಡಿಬಂದು ಹಿಂಡಿನ ಸುತ್ತ ಒಂದು ಸುತ್ತು ಹಾಕಿ, ಪ್ರತಿಯೊಂದರ ಬೆನ್ನೂ ಮುಟ್ಟಿ ನೋಡಿ, ಏರಿಯ ಮೇಲೆ ಕುಸಿದು ಕೂತ. "ಅನ್ನೀ ಉನ್ನಾಯಿ. ಎಲ್ಲಾ ಅವೆ ಕಣಮ್ಮ, ಒಂದೂ ಹೋಗ್ಲಿಲ್ಲ" ಎಂದವನ ಕಣ್ಣಲ್ಲಿ ನೀರಿತ್ತು. ನಾನೂ ಪಕ್ಕದಲ್ಲೇ ಕೂತೆ. ನಗು ತಡೆಯಲಾಗಲಿಲ್ಲ.

ಅವತ್ತು ಸಂಜೆ ಕಟ್ಟೆಗೆ ಹೋಗಿ ಮಾತಾಡಿದವನು ಅವನೇ. "ಟೀಚರಮ್ಮನ ಸೈಕಲ್ಲು ಏರಿ ಮ್ಯಾಲೆ ಬತ್ತದೆ. ನನ್ನ ಕುರಿ ಮುಂದೆ ಬತ್ತದೆ" ಎಂದನಂತೆ. ಹಾಗಾದರೆ ನಮ್ಮ ಬೈಕು ಎಂದು ಒಬ್ಬ ತರುಣ ಕೇಳಿದ್ದಕ್ಕೆ, "ನಿನ್ನ ಹಿಂದೆ ಒಂದು ಕುರಿ ಬತ್ತದಾ ತೋರ್ಸು, ನೀನೂ ಬಾ" ಎಂದನಂತೆ. ಕಟ್ಟೆಯ ಹಿರಿಯರು ನಕ್ಕು ನನ್ನ ಸೈಕಲ್ಲಿಗೆ ಏರಿಯನ್ನು ಬಿಟ್ಟುಕೊಟ್ಟರಂತೆ.

ಸೋಮವಾರ ನಾವು ಷೋರೂಮಿಗೆ ಹೋಗಲಿಲ್ಲ. ಅದರ ಬದಲು ಬೆಳಿಗ್ಗೆ ಏರಿಯ ತುದಿಯಲ್ಲಿ ಓಬಳಪ್ಪ ಕಾಯುತ್ತಿದ್ದ. ಕುರಿಯ ಕರಿಯುಣ್ಣೆಯಿಂದ ಅವನೇ ಹೊಸೆದ ಹುರಿ ಕೈಯಲ್ಲಿತ್ತು. ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಕಟ್ಟುವುದು ಅಂಥದ್ದನ್ನೇ. ನನ್ನ ಲಾಡಿಯ ತುಂಡನ್ನು ಕಿತ್ತೆಸೆದು, ಗಂಟೆಯನ್ನು ಆ ಹುರಿಯಿಂದ ಹ್ಯಾಂಡಲ್ಲಿಗೆ ಬಿಗಿದು, "ಹೊಸ ಟಗರು ಪಳಗಾ ತಂಕ ನೀನೇ ನಡೆ ತಾಯಿ" ಎಂದ. ಅಲ್ಲಿಯವರೆಗೆ 'ನೀವು' ಎನ್ನುತ್ತಿದ್ದವನ ಬಾಯಲ್ಲಿ ಆ 'ನೀನು' ಕೇಳಿ ನಾನು ಗಂಟೆಯನ್ನೊಮ್ಮೆ ಬಾರಿಸಿದೆ. ಈಗ ದಿನವೂ ಹೆದ್ದಾರಿಯ ಅಂಚಿನಲ್ಲಿ ಕುರಿಗಳು ನನಗಾಗಿ ಕಾದಿರುತ್ತವೆ. ನಾನು ಅವನ್ನು ದಾಟಿಸಿ, ಮತ್ತೆ ಬೆನ್ನು ಹತ್ತದಂತೆ ಗಂಟೆಯ ನಾಲಿಗೆ ಹಿಡಿದುಕೊಂಡು ಮರಳಿ ಬಂದು ಏರಿ ಹತ್ತುತ್ತೇನೆ. ಹೊರೆ ಹೊತ್ತವರಿಗೂ ಎಮ್ಮೆಗೂ ನಿವೃತ್ತರಿಗೂ ಮೊದಲಿನಂತೆಯೇ ದಾರಿ ಬಿಡುತ್ತೇನೆ. ಹೊಸ ಟಗರು ಇನ್ನೂ ಪಳಗಿಲ್ಲ. ಓಬಳಪ್ಪನಿಗೂ ಅದರ ಅವಸರ ಇದ್ದಂತಿಲ್ಲ.

ಬಚ್ಚಲುಮನೆಯ ಮೊಳೆಯಲ್ಲಿ ಈಗ ನಮ್ಮನೆಯವರ ಟವೆಲ್ಲು ನೇತಾಡುತ್ತದೆ. ಬೆಳಿಗ್ಗೆ ನಾನು ಸೈಕಲ್ಲನ್ನು ಮೆಟ್ಟಿಲಿಂದ ಇಳಿಸುವಾಗ ಗಂಟೆ ಡಣ್ ಎನ್ನುತ್ತದೆ, ಅವರು ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು ಬೀದಿಯ ಎರಡೂ ಕಡೆ ನೋಡಿ, ನೆರೆಯವರಿಗೆಲ್ಲ ಕೇಳುವಂತೆ ಹೇಳುತ್ತಾರೆ: "ದಾರಿ ಬಿಡ್ರಪ್ಪ, ನಮ್ಮನೆ ಮುಂದ್ಲ ಟಗರು ಹೊರಡ್ತು."