ದಾರದಜ್ಜಿಯ ಲೋಟ

ದಾರದಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದಲ್ಲಿ ಅವಳು ಹೊಲಿದ ಪುಸ್ತಕಗಳಲ್ಲಿ ಒಂದು ಹಾಳೆಯೂ ಹಿಂದುಮುಂದಾಗಿರಲಿಲ್ಲ. ಆ ಸಣ್ಣ ಪ್ರಕಾಶನದ ಯಜಮಾನರು ಬಂದವರಿಗೆಲ್ಲ ಇದನ್ನು ಹೇಳಿ, "ಅಜ್ಜಿ ಇರೋವರೆಗೂ ಹೊಲಿಗೆ ಮೆಷಿನ್ ಬೇಡ" ಎನ್ನುತ್ತಿದ್ದರು.

ಅವಳ ಗುಟ್ಟು ಇಷ್ಟೇ. ಪುಸ್ತಕ ಹದಿನಾರು ಹದಿನಾರು ಪುಟದ ಮಡಿಕೆಗಳಾಗಿ ಬರುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಯಜಮಾನರು "ಇದು ಒಂದನೇದು, ಇದು ಎರಡನೇದು" ಎಂದು ತೋರಿಸಿದಂತೆ ಅಜ್ಜಿ ಒಂದೊಂದು ರಾಶಿಯ ಮೇಲೆ ಒಂದೊಂದು ಸಾಮಾನು ಇಡುವಳು. ಬೀಗ, ಕನ್ನಡಕದ ಡಬ್ಬಿ, ಕತ್ತರಿ, ಗುಂಡುಕಲ್ಲು, ಇಕ್ಕಳ, ನಿಂತುಹೋದ ಗಡಿಯಾರ, ಕಡೆಗೆ ನೀರಿನ ಲೋಟ. ನೀರು ಕುಡಿಯುವುದು ಕೆಲಸ ಮುಗಿದ ಮೇಲೆ, ಹಾಗಾಗಿ ಲೋಟ ಕಡೆಗೆ. ರಾಶಿಗಳು ಮೇಜು, ಬೆಂಚು, ಕಿಟಕಿಕಟ್ಟೆ, ಜಾಗ ಸಿಕ್ಕಲ್ಲಿ ಕೂರುತ್ತಿದ್ದವು. ಅಜ್ಜಿ "ಬೀಗ, ಡಬ್ಬಿ, ಕತ್ತರಿ" ಎಂದು ಗೊಣಗುತ್ತ ಸುತ್ತು ಹೊಡೆದು ಒಂದೊಂದು ಫಾರಂ ಎತ್ತಿಕೊಂಡರೆ ಒಂದು ಪುಸ್ತಕವಾಯಿತು. ಯಾವುದು ಎಲ್ಲಿತ್ತು ಎಂದು ನೆನಪಿಡುವ ಗೋಜೇ ಇಲ್ಲ.

ಈ ಸಲ ಮೂರು ಹೊಸ ಪುಸ್ತಕ. ಮೊದಲನೆಯದು ಒಬ್ಬ ಮೇಷ್ಟ್ರು ಬರೆದ ಕಾದಂಬರಿ. ನೂರು ಪ್ರತಿ, ಭಾನುವಾರ ಬಿಡುಗಡೆ. ಅದರ ಕಟ್ಟಕಡೆಯ ಪುಟದಲ್ಲಿ 'ಹೊಲಿಗೆ: ದಾರದಜ್ಜಿ' ಎಂದು ಹಾಕಿಸುವುದಾಗಿ ಯಜಮಾನರು ಮಾತು ಕೊಟ್ಟಿದ್ದರು.

"ದಪ್ಪಕ್ಕೆ ಹಾಕ್ಸಿ ಯಜಮಾನ್ರೇ. ಇರುವೆಕಾಲಿನಂಥ ಅಕ್ಷರ ನನ್ನ ಕಣ್ಣಿಗೆ ಕಾಣ್ಸಲ್ಲ."

ಚೀಟಿಯಲ್ಲಿ ಬರೆಸಿಕೊಂಡು, ಎಂಟು ದಿನ ದಿಟ್ಟಿಸಿ, ಆ ಒಂದು ಹೆಸರನ್ನು ಕಲಿತಳು. ತಂಗಿಗೆ ತೋರಿಸಬೇಕಿತ್ತು. "ನಿನ್ನ ಹೆಸರು ಪುಸ್ತಕದಲ್ಲಿ ಯಾಕೆ ಹಾಕ್ತಾರಕ್ಕ? ನೀನೇನು ಬರೆದು ಕಡಿದು ಗುಡ್ಡೆ ಹಾಕಿದೀಯಾ?" ಎಂದು ಅವಳು ಮೂಗು ಮುರಿದಿದ್ದಳು.

ಸೋಮವಾರ ಸಂಜೆ ಸಾಮಾನು ಇಟ್ಟು ಮನೆಗೆ ಹೋದ ಅಜ್ಜಿ, ಮಂಗಳವಾರ ಬೆಳಗ್ಗೆಯಿಂದ ಹೊಲಿಯತೊಡಗಿದಳು. ಬುಧವಾರ ಮಧ್ಯಾಹ್ನ ನೂರನೆಯ ಪ್ರತಿಗೆ ಗಂಟು ಹಾಕಿ, ರಟ್ಟು ಅಂಟಿಸುವ ಮೊದಲು ಕಡೆಯ ಪುಟ ತಿರುವಿದಳು. ಹೆಸರಿಲ್ಲ. ಇನ್ನೊಂದರಲ್ಲೂ ಇಲ್ಲ. ಮೂರನೆಯದನ್ನು ಸಿಟ್ಟಿನಿಂದ ಮೇಜಿಗೆ ಕುಕ್ಕಿದಾಗ ಅದು ಅರ್ಧಕ್ಕೆ ತೆರೆದುಕೊಂಡಿತು. ಅಲ್ಲಿ, ಪುಸ್ತಕದ ಹೊಟ್ಟೆಯೊಳಗೆ, ದಪ್ಪಗೆ, ದಾರದಜ್ಜಿ ಕೂತಿದ್ದಳು.

ಅಜ್ಜಿ ಕೂಗು ಹಾಕಿದಳು. ಯಜಮಾನರು ಬಂದರು. ಮೇಷ್ಟ್ರೂ ಓಡಿಬಂದು ಪುಟ ಮಗುಚಿದರು.

"ಅಯ್ಯೋ! ನನ್ನ ಕತೆಯ ಮಾವ ಅರ್ಧದಲ್ಲೇ ಸತ್ತುಹೋದ! ಆಮೇಲೆ ಎದ್ದುಬಂದು ದರ್ಜಿ ಹತ್ರ ಕೋಟಿಗೆ ಅಳತೆ ಕೊಡ್ತಿದಾನೆ!"

ಯಜಮಾನರು ತಲೆ ಕೆರೆದುಕೊಂಡರು. "ವಯಸ್ಸಾಯ್ತು ಅಜ್ಜಿ ನಿಮಗೆ. ಉಳಿದೆರಡು ಪುಸ್ತಕ ಮೆಷಿನ್ನಿಗೇ ಕೊಡೋಣ್ವಾ?"

"ಲೋಟದ ಕೆಳಗಿದ್ದುದನ್ನೇ ಕಡೆಗೆ ಎತ್ತಿದೀನಿ. ಲೋಟ ಸುಳ್ಳು ಹೇಳಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಯಜಮಾನರು.

ಅಜ್ಜಿ ಹೊಲಿದಿಟ್ಟ ಅಟ್ಟಿಯ ತಳದಿಂದ ತಾನು ಹೊಲಿದ ಮೊಟ್ಟಮೊದಲ ಪ್ರತಿಯನ್ನು ಎಳೆದಳು. ಒಂದು, ಎರಡು, ಮೂರು ಎಂದು ಫಾರಂ ಎಣಿಸಿ ನಾಲ್ಕನೆಯದನ್ನು ಬಿಡಿಸಿದಳು. ಅದರ ಮೇಲೆ, ಒಣಗಿದ ನೀರಿನ ಉಂಗುರ.

"ನಾಲ್ಕನೇದರ ಮೇಲೆ ಕಲ್ಲಿತ್ತು. ಕಲ್ಲು ಬೆವರುತ್ತಾ ಯಜಮಾನ್ರೇ? ಇದು ಲೋಟದ ಗುರುತು. ನಾನು ಲೋಟ ಇಟ್ಟಿದ್ದು ಇದರ ಮೇಲೆ. ಆಮೇಲೆ ಯಾರೋ ಕಲ್ಲಿಗೂ ಲೋಟಕ್ಕೂ ಜಾಗ ಬದಲಾಯಿಸಿದಾರೆ. ಸೋಮವಾರ ನಾನು ಹೋದ್ಮೇಲೆ ಇಲ್ಲಿ ನೀರು ಕುಡಿದೋರು ಯಾರು?"

ಮೇಷ್ಟ್ರ ಕಿವಿ ಕೆಂಪಾಯಿತು.

"ಪುಸ್ತಕ ನೋಡೋಣ ಅಂತ ಬಂದಿದ್ದೆ ಅಜ್ಜಿ. ಬಾಯಾರಿತ್ತು. ಕುಡಿದು ಲೋಟಾನ ಕಿಟಕಿಕಟ್ಟೆಯ ರಾಶಿ ಮೇಲಿಟ್ಟೆ. ಇಲ್ಲಿ ಹಾಳೆ ಹಾರಿಹೋಗುತ್ತಲ್ಲಾಂತ ಅಲ್ಲಿದ್ದ ಕಲ್ಲು ತಂದು ಇಲ್ಲಿಟ್ಟೆ. ನಮ್ಮಮ್ಮ ಅಚ್ಚುಕಟ್ಟು ಕಲಿಸಿದ್ರು."

"ತೆಗೆದಲ್ಲೇ ಇಡಬೇಕು ಅಂತ ಕಲಿಸ್ಲಿಲ್ವಾ ನಿಮ್ಮಮ್ಮ? ಖಾಲಿ ಲೋಟ ಕಂಡು ನಾನು ಇಲ್ಲಿ ಸುತ್ತೋ ಬೆಕ್ಕಿಗೆ ಬೈದುಬಿಟ್ಟೆನಲ್ಲ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ಬೆಕ್ಕಿಗೆ ಆ ದಿನ ಹಾಲು ಸಿಕ್ಕಿತು. ಮೇಷ್ಟ್ರಿಗೆ ಸಣ್ಣ ಕತ್ತರಿ. ನೂರು ಪ್ರತಿಯ ಹೊಲಿಗೆಯನ್ನೂ ಅವರೇ ಬಿಚ್ಚಬೇಕಾಯಿತು. ಒಂದೊಂದು ಬಿಚ್ಚಿದಾಗಲೂ "ಮಾವ, ನಡೀ, ಕಡೆಗೆ ಹೋಗಿ ಸಾಯಿ" ಎಂದು ಕಡೆಯ ಫಾರಂ ಅನ್ನು ಅದರ ಜಾಗಕ್ಕೆ ದಾಟಿಸುತ್ತಿದ್ದರು. ಅಜ್ಜಿ ಹಿಂದೆಯೇ ಹೊಲಿಯುತ್ತ ಬಂದಳು. ಶನಿವಾರ ರಟ್ಟು ಅಂಟಿ ಒಣಗಿದಾಗ, ಯಜಮಾನರು ಮೆಷಿನ್ನಿನ ಮಾತೆತ್ತದೆ ಎರಡನೆಯ ಪುಸ್ತಕದ ಫಾರಂಗಳನ್ನು ತಂದು ಅವಳ ಬೆಂಚಿನ ಮೇಲಿಟ್ಟರು.

ಭಾನುವಾರ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ತಂಗಿಗೆ ಕಡೆಯ ಪುಟ ತೋರಿಸಿದಳು. ತಂಗಿ ಓದಿದಳು. ಮತ್ತೆ ಓದಿದಳು.

"ಅಕ್ಷರ ಸ್ವಲ್ಪ ದಪ್ಪ ಆಯ್ತು," ಎಂದಳು.

ವೇದಿಕೆಯ ಮೇಲೆ ಮೇಷ್ಟ್ರು ಮಾತಿಗೆ ನಿಂತು ಕೆಮ್ಮಿದರು. ಗಂಟಲು ಒಣಗಿತ್ತು. ಮುಂದೆಯೇ ನೀರಿನ ಲೋಟವಿತ್ತು. ಕೈ ಚಾಚಿದವರು ಅಜ್ಜಿಯನ್ನು ಕಂಡು ಹಿಂದಕ್ಕೆ ಎಳೆದುಕೊಂಡರು. ಮತ್ತೆ ಕೆಮ್ಮಿದರು.

ಅಜ್ಜಿಗೆ ಪಾಪ ಎನ್ನಿಸಿತು. ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದಳು:

"ಕುಡೀರಿ ಮೇಷ್ಟ್ರೇ. ಆದ್ರೆ ತೆಗೆದಲ್ಲೇ ಇಡಿ."